ಹದಿನಾರನೆಯ ಪಾಲಿನ ಎಂಜಿನ್ನು

ಕಟಕೋಳದಲ್ಲಿ ಮಡಿವಾಳೆಪ್ಪನ ಮನೆಯ ಪಡಸಾಲೆಯ ಗೋಡೆಯಲ್ಲಿ ಒಂದು ಮೊಳೆ ಇದೆ. ಅದರ ಬಲಕ್ಕೆ ಐದು ಇದ್ದಿಲ ಗೆರೆಗಳಿವೆ. ಮೊಳೆ ಹೊಡೆದವನು ನಾನು. ಗೆರೆ ಎಳೆದವನೂ ನಾನೇ. ಅದಾದ ಮೇಲೆ ಎರಡು ಸಲ ಮನೆಗೆ ಸುಣ್ಣ ಬಳಿದರು. ಎರಡು ಸಲವೂ ಮಡಿವಾಳೆಪ್ಪನ ಹೆಂಡತಿ ಶೆಟ್ಟೆವ್ವ ಅಷ್ಟು ಜಾಗವನ್ನು ಬಿಟ್ಟು ಉಳಿದ ಗೋಡೆಗೆ ಬಳಿದಳು. ಆ ಗೆರೆಗಳು ಅಲ್ಲಿ ಯಾಕಿವೆ ಎಂಬುದನ್ನು ಬರೆದಿಡಬೇಕಾದವನು ನಾನು, ಏಕೆಂದರೆ ತಪ್ಪು ನನ್ನದು.

ನಾನು ರಾಮದುರ್ಗದ ಸಾಲೆಯಲ್ಲಿ ಮೂವತ್ತೊಂದು ವರ್ಷ ಅಂಕಗಣಿತ ಕಲಿಸಿ, ಕೆಲಸ ಮುಗಿಸಿ ಕಟಕೋಳಕ್ಕೆ ಬಂದು ನೆಲೆಸಿದವನು. ಮಡಿವಾಳೆಪ್ಪ ನನ್ನ ನೆರೆಯವನು. ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ಕಿರಿಯ. ಅವನು ಪ್ರಾಯದಲ್ಲಿ ಹುಬ್ಬಳ್ಳಿಗೆ ಹೋಗಿ ರೈಲ್ವೆಗೆ ಸೇರಿದ. ಕ್ಯಾಸಲ್‌ರಾಕಿನ ಘಟ್ಟದಲ್ಲಿ ಹದಿನೆಂಟು ವರ್ಷ ಒಂದೇ ಎಂಜಿನ್ನಿನ ಮೇಲೆ ನಿಂತ. ಮೊದಲು ಕಲ್ಲಿದ್ದಲು ಹಾಕಿದ, ಆಮೇಲೆ ನಡೆಸಿದ. ಅದು ಹಳೆಯ ಕಾಲದ ಟ್ಯಾಂಕ್ ಎಂಜಿನ್ನು. ಇತರ ಎಂಜಿನ್ನುಗಳು ತಮ್ಮ ನೀರನ್ನು ಹಿಂದಿನ ಬಂಡಿಯಲ್ಲಿ ಎಳೆದುಕೊಂಡು ಹೋಗುತ್ತವೆ. ಇದು ತನ್ನ ನೀರನ್ನು ತನ್ನ ಎರಡು ಪಕ್ಕೆಗಳಲ್ಲೇ ಹೊತ್ತುಕೊಂಡಿರುತ್ತದೆ.

"ಎರಡೂ ಬಗಲಾಗ ಒಂದೊಂದು ಕೊಡಾ ಇಟ್ಕೊಂಡು ಘಟ್ಟಾ ಏರೂ ಹೆಣಮಗಳರಿ ಅಕಿ," ಎನ್ನುತ್ತಿದ್ದ ಮಡಿವಾಳೆಪ್ಪ. "ಒಂದ ದಿನಾ ಹನಿ ತುಳುಕಿಸಿದಾಕಿ ಅಲ್ಲ."

ಆ ಎಂಜಿನ್ನು ಮುದಿಯಾಯಿತೆಂದು ಕಂಪನಿಯವರು ಬಿಚ್ಚಿ ಹಳೆಯ ಕಬ್ಬಿಣಕ್ಕೆ ಹಾಕಿದರು. ಅದೇ ವರ್ಷ ಮಡಿವಾಳೆಪ್ಪನ ಎಡಗಣ್ಣು ಹೋಯಿತು. ಬೆಳಗಾವಿಯ ಡಾಕ್ಟರರು ಬಲಗಣ್ಣನ್ನೂ ನೋಡಿ ಹೇಳಿದ ಮಾತು ಇಷ್ಟೇ: ಮೋತಿಬಿಂದುವಿನ ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಕಣ್ಣೊಳಗಿನ ಒತ್ತಡದ ಕಾಚಬಿಂದು, ಇದಕ್ಕೆ ನಮ್ಮಲ್ಲಿ ಏನೂ ಇಲ್ಲ. ಅವನು ಒಂದು ಕಣ್ಣಿನಿಂದ, ಒಂದು ಮರದ ಪೆಟ್ಟಿಗೆಯೊಡನೆ ಊರಿಗೆ ಬಂದ.

ಪೆಟ್ಟಿಗೆಯನ್ನು ಕೊಟ್ಟವನು ಸ್ವದೇಶಕ್ಕೆ ಹೊರಟಿದ್ದ ಒಬ್ಬ ಕಾರಖಾನೆಯ ಸಾಹೇಬ. ಹೊತ್ತು ಕಳೆಯಲೆಂದು ವಿಲಾಯತಿಯಿಂದ ತರಿಸಿ, ಮುಚ್ಚಳ ತೆಗೆಯಲೂ ಆಗದೆ ಇಟ್ಟುಕೊಂಡಿದ್ದನಂತೆ. ಅದರಲ್ಲಿ ಹಳೆಯ ಮಾದರಿಯ ಟ್ಯಾಂಕ್ ಎಂಜಿನ್ನಿನ ಎಲ್ಲ ಅಂಗಗಳು ಪುಟ್ಟ ಆಕಾರದಲ್ಲಿದ್ದವು: ಎರಕದ ಗಾಲಿಗಳು, ಕೊರೆದೇ ಬಂದಿದ್ದ ಎರಡು ಸಿಲಿಂಡರುಗಳು, ಚೌಕಟ್ಟಿನ ಪಟ್ಟಿಗಳು, ಸುತ್ತಿಟ್ಟ ತಾಮ್ರದ ತಗಡು, ಬೆರಳುದ್ದದ ಕೊಳವೆಗಳು, ಲೆಕ್ಕವಿಲ್ಲದಷ್ಟು ಸ್ಕ್ರೂ, ಒಂದು ನೀಲಿ ನಕಾಶೆ. ಜೋಡಿಸಿ ಬೆಂಕಿ ಹಾಕಿದರೆ ನಿಜವಾದ ಉಗಿಯಿಂದ ನಡೆಯಬೇಕಾದದ್ದು. ನಕಾಶೆಯ ಮೂಲೆಯಲ್ಲಿ, ಒಂದು ಫೂಟಿಗೆ ಮುಕ್ಕಾಲು ಇಂಚು ಎಂದು ಬರೆದಿತ್ತು.

"ಅಂದ್ರ ಎಷ್ಟರಿ ಮಾಸ್ತರ?" ಎಂದು ಕೇಳಿದ ಮಡಿವಾಳೆಪ್ಪ.

"ಹದಿನಾರರಲ್ಲಿ ಒಂದು ಪಾಲು. ರೂಪಾಯಿಗೆ ಒಂದು ಆಣೆ ಇದ್ದಂತೆ."

ಅವನು ಒಂದು ಗಾಲಿಯನ್ನು ತೆಗೆದು, ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. "ಅಕೀನ ನೋಡ್ರಿ ಇಕಿ. ಹದಿನಾರಾಣೆ ಹೋತು, ಒಂದಾಣೆ ತಿರುಗಿ ಬಂತು. ಇಕಿ ಉಗಿ ಬಿಟ್ಕೊಂಡು ಓಡೋದನ್ನ ಒಂದ ಸಲ ನೋಡಿದ್ನಿ ಅಂದ್ರ ಆಮ್ಯಾಲ ಕಣ್ಣು ಹೋಗವಲ್ಲದ್ಯಾಕ, ಹೋಗ್ಲಿ. ಇಂಗ್ಲೀಷ್ ಓದಾಕ ನನಗ ಬರಂಗಿಲ್ಲ. ನೀವು ನಕಾಶಾ ಓದ್ರಿ, ನಾ ಕಾನಸ ಹಿಡೀತೇನಿ."

ನಾನು ಯಾವ ಕೆಲಸಕ್ಕೂ ಅದರ ಕೊನೆಯನ್ನು ಗೊತ್ತುಮಾಡದೆ ಕೈಹಾಕಿದವನಲ್ಲ. "ಕಣ್ಣು ಇರುವ ತನಕ ಮಾತ್ರ," ಎಂದೆ. "ಕಣ್ಣು ಹೋದ ದಿನ ಕೆಲಸ ನಿಂತಿತು. ನೋಡಲಾಗದ ಆಟಿಕೆಗೆ ಶ್ರಮ ಹಾಕುವುದು ದಂಡ. ಪೆಟ್ಟಿಗೆಯನ್ನು ಬೈಲಹೊಂಗಲದ ಹತ್ತಿ ಜಿನ್ನಿನ ಫಿಟರನಿಗೆ ಕೊಟ್ಟುಬಿಡಬೇಕು. ಹೂಂ ಅನ್ನು, ಇಲ್ಲವೇ ಈಗಲೇ ಮುಚ್ಚು."

"ಹೂಂ ಅಂದ್ನೆಲ್ರಿ," ಎಂದು ನಕ್ಕ. ಒಳಗಿನ ಶೆಟ್ಟೆವ್ವನಿಗೆ ಕೇಳುವಂತೆ ಕೂಗಿದ: "ಏ, ಮಾಸ್ತರ ಕರಾರ ಮಾಡ್ಯಾರು. ಚಹಾ ಇಡು. ಇವರು ನಕ್ಕಿದ್ದು ಯಾವ ಸನ್ನಿನಾಗ ಅಂತ ಗೊತ್ತೈತೇನ ನಿನಗ?"

"ನಮ್ಮ ಲಗ್ನದಾಗೂ ನಕ್ಕಿಲ್ಲ ಬಿಡ್ರಿ," ಎಂದಳು ಅವಳು ಒಳಗಿನಿಂದಲೇ.

ಅಂದು ಆಡಿದ ಮಾತುಗಳಲ್ಲಿ ಉಳಿದವು ಹಗುರವಾಗಿದ್ದವು. ನನ್ನ ಕರಾರು ಮಾತ್ರ ಹಗುರವಾಗಿರಲಿಲ್ಲ. ಅದನ್ನು ನಾನು ಆಗ ತಿಳಿಯಲಿಲ್ಲ.

ಎಷ್ಟು ಕಾಲವಿದೆ ಎಂಬುದು ಮೊದಲ ಪ್ರಶ್ನೆ. ಅವನ ನೋಟ ಅಂಚಿನಿಂದ ಒಳಕ್ಕೆ ಕುಗ್ಗುತ್ತಿತ್ತು. "ಎಂಜಿನ್ ಸುರಂಗದಾಗ ಹೊಕ್ಕ ಮ್ಯಾಲ ಹಿಂದ ಹೊಳ್ಳಿ ನೋಡಿದ್ರ ಹೆಂಗ ಬಾಯಿ ಸಣ್ಣಾಕ್ಕೋತ ಹೊಕ್ಕೇತಿ, ಹಂಗರಿ," ಎಂದಿದ್ದ. ಕುಗ್ಗುವುದನ್ನು ಅಳೆಯಬಹುದು. ಅಳೆಯಬಹುದಾದದ್ದಕ್ಕೆ ಲೆಕ್ಕವುಂಟು. ನಾನು ಗೋಡೆಗೆ ಒಂದು ಮೊಳೆ ಹೊಡೆದೆ. ಒಂದು ಗಜ ದೂರದಲ್ಲಿ ಅವನನ್ನು ಕಂಬಕ್ಕೆ ತಲೆ ಆನಿಸಿ ಕೂರಿಸಿದೆ. ಬಲಗಣ್ಣಿನಿಂದ ಮೊಳೆಯನ್ನೇ ನೋಡಲು ಹೇಳಿದೆ. ಬಲಗಡೆ ದೂರದಿಂದ ಒಂದು ಬೆತ್ತವನ್ನು ಗೋಡೆಯ ಗುಂಟ ಸದ್ದಿಲ್ಲದೆ ಮೊಳೆಯ ಕಡೆಗೆ ಸರಿಸುತ್ತ ಬಂದೆ. ಬೆತ್ತ ನೋಟದೊಳಗೆ ಬಂದ ಕ್ಷಣ ಅವನು "ಬಂತ್ರಿ" ಎನ್ನಬೇಕು. ಮೊಳೆಯಿಂದ ಅಲ್ಲಿಯವರೆಗೆ ಬಡಿಗೇರ ಗಜದಿಂದ ಅಳೆದೆ. ಗಜಕ್ಕೆ ಇಪ್ಪತ್ನಾಲ್ಕು ತಸು. ಮೊದಲ ಮಂಗಳವಾರ ಹದಿನೆಂಟು ತಸು ಬಂತು.

ಪ್ರತಿ ಮಂಗಳವಾರ ಹಾಗೆಯೇ ಅಳೆದೆ. ಹದಿನಾರೂವರೆ, ಹದಿನಾರು, ಹದಿನಾಲ್ಕೂ ಮುಕ್ಕಾಲು, ಹದಿನಾಲ್ಕು, ಹನ್ನೆರಡೂವರೆ, ಹನ್ನೆರಡು. ಆರು ವಾರಗಳಲ್ಲಿ ಆರು ತಸು. ಒಂದು ವಾರ ಹೆಚ್ಚು, ಒಂದು ವಾರ ಕಡಿಮೆ. ಸರಾಸರಿ ವಾರಕ್ಕೆ ಒಂದು. ಹನ್ನೆರಡು ವಾರ ಉಳಿದಿತ್ತು. ಡಾಕ್ಟರರಿಗೆ ಹೇಳಲಾಗದ್ದನ್ನು ನನ್ನ ಗಜ ಹೇಳಿತೆಂದು ನನಗೆ ಸಮಾಧಾನವಾಯಿತು. ಇಂಥ ಸಂಗತಿಯಲ್ಲಿ ಸಮಾಧಾನಪಡುವವನ ವಿಷಯವಾಗಿ ಹೆಚ್ಚು ಹೇಳಬೇಕಾಗಿಲ್ಲ.

ಕೆಲಸ ನಡೆಯಿತು. ನಾನು ನಕಾಶೆ ಓದಿ ಅಳತೆ ಹೇಳುವುದು, ಅವನು ಎರಕದ ಒರಟನ್ನು ಕಾನಸದಿಂದ, ಎಂದರೆ ಅರದಿಂದ, ಉಜ್ಜಿ ತೆಗೆಯುವುದು. ಅಚ್ಚಿಗೆ ಗಾಲಿ ಕೂತವು. ಚೌಕಟ್ಟಿಗೆ ಅಚ್ಚು ಕೂತವು. ಅವನು ಗಾಲಿಯನ್ನು ಬೆರಳಿನಿಂದ ತಿರುಗಿಸಿ ಕಿವಿಗೆ ಹಿಡಿಯುತ್ತಿದ್ದ. "ಕಣ್ಣಿಗೆ ಬೀಳದ್ದು ಕಿವಿಗೆ ಬೀಳತೈತ್ರಿ," ಎನ್ನುತ್ತಿದ್ದ. ಪಡಸಾಲೆಯ ಗೋಡೆಯ ಗುಂಟ ಹದಿನೆಂಟು ಫೂಟು ಉದ್ದಕ್ಕೆ ಹಲಗೆ ಹಾಸಿ, ಅದರ ಮೇಲೆ ಎರಡೂವರೆ ಇಂಚು ಅಂತರದಲ್ಲಿ ಎರಡು ಕಬ್ಬಿಣದ ಪಟ್ಟಿ ಹೊಡೆದ. ಅದು ಹಳಿ.

ಉಳಿದದ್ದು ಬಾಯ್ಲರು. ತಾಮ್ರದ ತಗಡನ್ನು ಸುತ್ತಿ, ಬೆಸೆದು, ಒಳಗೆ ಕೊಳವೆಗಳನ್ನು ಕೂರಿಸುವ ಕೆಲಸ ಕಂಚಗಾರನದು. ಸವದತ್ತಿಯ ಭರಮಪ್ಪನಿಗಿಂತ ಒಳ್ಳೆಯ ಕೈ ಆ ಸೀಮೆಯಲ್ಲಿರಲಿಲ್ಲ. ಅವನು ಚಿಕ್ಕವನಿದ್ದಾಗ ರಾಮದುರ್ಗದಲ್ಲಿ ಸೋದರಮಾವನ ಮನೆಯಲ್ಲಿದ್ದು ನನ್ನ ಬಳಿ ಮೂರು ವರ್ಷ ಕಲಿತಿದ್ದ. ಅವನಿಗೆ ಇಂಗ್ಲಿಷ್ ನಕಾಶೆ ತಿಳಿಯದು. ಆದ್ದರಿಂದ ನಾನು ಒಂದು ಕಾಗದದ ಮೇಲೆ ಕನ್ನಡದಲ್ಲಿ ಎಲ್ಲ ಅಳತೆಗಳನ್ನು ದುಂಡಗೆ ಬರೆದು, ತಗಡು ಕೊಳವೆಗಳೊಡನೆ ಕಳಿಸಿದೆ. ಆರು ವಾರ ಕೇಳಿದ. ನನ್ನ ಲೆಕ್ಕದಲ್ಲಿ ಅಂದಿಗೆ ಆರು ತಸು ನೋಟ ಉಳಿದಿರುತ್ತದೆ. ಸಾಕಷ್ಟಾಯಿತು.

ಆ ಆರು ವಾರ ಅಳೆದ ಅಂಕಿಗಳು: ಹತ್ತೂ ಮುಕ್ಕಾಲು, ಹತ್ತೂಕಾಲು, ಎಂಟೂವರೆ, ಎಂಟು, ಏಳೂಕಾಲು, ಆರು. ಆರು ಬಂದ ಮರುದಿನ, ಬುಧವಾರ, ಭರಮಪ್ಪ ತಾನೇ ಗಾಡಿಯಲ್ಲಿ ಬಾಯ್ಲರು ತಂದ. ಚಿನ್ನದಂತೆ ಹೊಳೆಯುತ್ತಿತ್ತು. ಮಡಿವಾಳೆಪ್ಪ ಅದನ್ನು ಎತ್ತಿ ಚೌಕಟ್ಟಿನ ಮೇಲೆ ಇಡಹೋದ. ಕೂರಲಿಲ್ಲ. ತಿರುಗಿಸಿ ಇಟ್ಟ, ಕೂರಲಿಲ್ಲ. ಮುಂದಿನ ಎರಕದ ಬಳೆಯೊಳಗೆ ಅದರ ಬಾಯಿ ಹೋಗಲೇ ಇಲ್ಲ.

"ದಪ್ಪ ಆಗೇತ್ರಿ," ಎಂದ ಮೆಲ್ಲಗೆ.

ನಾನು ಅಳೆದೆ. ವ್ಯಾಸ ಮೂರು ಇಂಚು ಇರಬೇಕಾದದ್ದು ಮೂರು ಇಂಚಿನ ಮೇಲೆ ಎಂಟನೆಯ ಮೂರು ಪಾಲಿತ್ತು. "ಭರಮಪ್ಪಾ, ಏನು ಮಾಡಿದೆ ನೀನು?" ಎಂದು ಗದರಿದೆ.

ಅವನು ರುಮಾಲಿನಿಂದ ನನ್ನ ಕಾಗದವನ್ನು ತೆಗೆದು ಬಿಡಿಸಿ ಹಿಡಿದ. "ನೀವ ಬರದೀರಲ್ರಿ ಗುರುಗಳ. ವ್ಯಾಸ ಮೂರು, ಉದ್ದ ಒಂಬತ್ತು. ಮೂರು ತಸು ಮಾಡೀನಿ. ತಗಡು ಕಮ್ಮಿ ಬಿತ್ತು, ವಿಲಾಯತಿ ಮಂದಿ ಭಾಳ ಜಿಗುಟು ಅಂದ್ಕೊಂಡು ನನ್ನ ಕಡೇದ ತುಂಡು ಹಚ್ಚೀನಿ."

"ಮೂರು ಇಂಚು!"

"ಎಲ್ಲಿ ಬರದೀರಿ?" ಅವನು ಬೆರಳಿಟ್ಟು ತೋರಿಸಿದ. ಬರೆದಿರಲಿಲ್ಲ. ಇಪ್ಪತ್ತೆರಡು ಅಳತೆಗಳಲ್ಲಿ ಒಂದರ ಮುಂದೆಯೂ ಮಾನದ ಹೆಸರಿರಲಿಲ್ಲ. "ಸಾಲ್ಯಾಗ ನಾ ಬರೀ ಮೂರು ಅಂತ ಬರದ್ರ ನೀವು ಬೆತ್ತಾ ತುಗೊಂಡು ಕೇಳತಿದ್ರಿ, ಮೂರು ಏನೋ? ಮೂರು ಎಮ್ಮಿಯೋ, ಮೂರು ಕ್ವಾಣೋ? ಅಂತ. ನನ್ನ ಅಂಗೈ ಇನ್ನೂ ಉರೀತೈತಿ. ಈಗ ನಾ ಕೇಳಲೇನ್ರಿ?"

ಮಡಿವಾಳೆಪ್ಪ ಜೋರಾಗಿ ನಕ್ಕ. ಭರಮಪ್ಪನೂ ನಗಹೋಗಿ, ನನ್ನ ಮುಖ ನೋಡಿ ನಿಲ್ಲಿಸಿದ.

ಒಂದು ತಸು ಎಂದರೆ ಒಂದು ಇಂಚಿಗಿಂತ ಎಂಟನೆಯ ಒಂದು ಪಾಲು ಹೆಚ್ಚು. ಇದನ್ನು ನಾನು ಮೂವತ್ತೊಂದು ವರ್ಷ ಹುಡುಗರ ಬಾಯಲ್ಲಿ ಹಾಡಿಸಿದವನು.

ಅದನ್ನೇ ಕತ್ತರಿಸಿ ಚಿಕ್ಕದು ಮಾಡಲು ಬರುತ್ತಿತ್ತೇ ಎಂದರೆ ಬರುತ್ತಿರಲಿಲ್ಲ. ಉಗಿ ಹಿಡಿಯುವ ಪಾತ್ರೆಗೆ ತೇಪೆ ಹಾಕಬಾರದು ಎಂದು ಮಡಿವಾಳೆಪ್ಪನೇ ಹೇಳಿದ. ಹೊಸ ತಗಡನ್ನು ಬೈಲಹೊಂಗಲದ ಪೇಟೆಯಿಂದ ತರಿಸಬೇಕು. ಅದೂ ಲಗ್ನದ ಹಂಗಾಮ. ಕೊಡ, ಹಂಡೆಗಳ ಕೆಲಸ ಭರಮಪ್ಪನ ಅಂಗಡಿಯ ಬಾಗಿಲಿನವರೆಗೆ ತುಂಬಿತ್ತು. ಎಲ್ಲವನ್ನೂ ಬದಿಗಿಟ್ಟರೂ ಐದು ವಾರ ಬೇಕು ಎಂದ. ಐದು ವಾರಕ್ಕೆ ಐದು ತಸು. ಆರರಲ್ಲಿ ಐದು ಕಳೆದರೆ ಒಂದು.

"ಒಂದು ಉಳಿಯುತ್ತದೆ," ಎಂದೆ ನಾನು. ಅಂದೇ ಇದ್ದಿಲು ತೆಗೆದುಕೊಂಡು ಗೋಡೆಯ ಮೇಲೆ ಮುಂದಿನ ಐದು ಮಂಗಳವಾರಗಳಿಗೆ ಐದು ಗೆರೆ ಎಳೆದೆ. ಮೊಳೆಯಿಂದ ಐದು ತಸು, ನಾಲ್ಕು, ಮೂರು, ಎರಡು, ಒಂದು. "ನೋಟ ಈ ಗೆರೆಗಳ ಮೇಲೆ ನಿಂತರೆ ಸಾಕು, ನಾವು ಗೆದ್ದೆವು."

ಶೆಟ್ಟೆವ್ವ ಬಾಗಿಲಲ್ಲಿ ನಿಂತು ಆ ಗೆರೆಗಳನ್ನು ಒಂದೊಂದಾಗಿ ನೋಡಿದಳು.

ಆ ಶನಿವಾರ ನಾನು ಹೋದಾಗ ಅವಳು ಅಂಗಳದಲ್ಲೇ ತಡೆದಳು. "ಇವತ್ತ ಬ್ಯಾಡ್ರಿ ಮಾಸ್ತರ. ಪಿತ್ತ ಕೆರಳೇತಿ ಅವರಿಗೆ. ರಾತ್ರೆಲ್ಲಾ ತಲಿ ಹಿಡ್ಕೊಂಡು ವಾಂತಿ ಮಾಡ್ಯಾರು." ನಾನು ಹಿಂದಿರುಗಿದೆ. ಮಂಗಳವಾರ ಅವನು ಎಂದಿನಂತೆ ಕಂಬಕ್ಕೆ ತಲೆ ಆನಿಸಿ ಕೂತಿದ್ದ. ಸ್ವಲ್ಪ ಇಳಿದಿದ್ದ, ಅಷ್ಟೇ. ಶೆಟ್ಟೆವ್ವ ಎಂದೂ ಇಲ್ಲದವಳು ಅವನ ಹಿಂದೆ ಗೋಡೆಗೆ ಎದುರಾಗಿ ನಿಂತಿದ್ದಳು. ಬೆತ್ತ ಸರಿಸುತ್ತ ಬಂದೆ. ಮೊದಲ ಗೆರೆಯ ಮೇಲೆ ಬೆತ್ತ ಬಂದಾಗ "ಬಂತ್ರಿ" ಎಂದ. ಐದು ತಸು.

ಮುಂದಿನ ವಾರ ನಾಲ್ಕು. ಅದರ ಮುಂದಿನ ವಾರ ಮೂರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನನಗೆ ಹಗುರವಾಗುತ್ತಿತ್ತು. ನಾಲ್ಕನೆಯ ವಾರ ಎರಡು ಬಂದಾಗ, "ನೋಡಿದೆಯಾ?" ಎಂದೆ.

"ನೋಡಿದ್ನಿರಿ," ಎಂದ ಮಡಿವಾಳೆಪ್ಪ. "ನಿಮ್ಮ ಲೆಕ್ಕ ರೈಲ್ವೆ ಟೈಮಿನಕಿಂತ ಖರೆ."

ಐದನೆಯ ವಾರದ ಕೊನೆಗೆ ನಾನೇ ಸವದತ್ತಿಗೆ ಹೋದೆ. ಭಾನುವಾರ ಸಂಜೆ ಭರಮಪ್ಪ ಬಾಯ್ಲರಿಗೆ ನೀರು ತುಂಬಿ, ಬಾಯಿ ಬಿಗಿದು, ಒತ್ತಿ ತೋರಿಸಿದ. ಒಂದು ಹನಿಯೂ ಸೋರಲಿಲ್ಲ. ನಾನು ಇಂಚಿನ ಪಟ್ಟಿಯಿಂದ ಅಳೆದೆ, ಮೂರು. ಮರುದಿನವೇ ಹೊರಡಬೇಕೆಂದೆ.

"ನಾಳೆ ಸ್ವಾಮಾರರಿ," ಎಂದ ಅವನು.

ಮರೆತಿದ್ದೆ. ನಮ್ಮ ಸೀಮೆಯಲ್ಲಿ ಸೋಮವಾರ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ದುಪ್ಪಟ್ಟು ಕೊಡುತ್ತೇನೆಂದರೂ ಗಾಡಿ ಕಟ್ಟುವವರಿಲ್ಲ. ಕೇಳುವುದೇ ಅವಮಾನ. ಮಂಗಳವಾರ ಗಾಡಿಯಲ್ಲಿ ಹೊರಟರೆ ಕಟಕೋಳ ಮುಟ್ಟುವಾಗ ದಿನ ಮುಗಿದಿರುತ್ತದೆ. ಬೆಂಕಿ ಹಾಕುವುದು ಬುಧವಾರ. ಉಳಿದಿರುವುದೇ ಒಂದು ತಸು. ಒಂದು ದಿನವೆಂದರೆ ಅದರ ಏಳನೆಯ ಪಾಲು.

ನಾನು ಬಾಯ್ಲರನ್ನು ಕಂಬಳಿಯಲ್ಲಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಬೆಳಗಿನ ಕೋಳಿ ಕೂಗುವಾಗ ನಡೆಯತೊಡಗಿದೆ. ಆರು ಹರದಾರಿ, ಹದಿನೆಂಟು ಮೈಲಿನಷ್ಟು. ಯುಗಾದಿ ಕಳೆದ ಬಿಸಿಲು. ಎರೆ ಹೊಲಗಳು ಬಾಯಿಬಿಟ್ಟಿದ್ದವು. ದಾರಿಯಲ್ಲಿ ಒಂದು ಗಾಡಿಯಿಲ್ಲ. ಊರೂರಿನ ಬೇವಿನ ಮರದ ಕೆಳಗೆ ಮೈತೊಳೆಸಿಕೊಂಡ ಎತ್ತುಗಳು ಮಲಗಿ ಮೆಲುಕು ಹಾಕುತ್ತಿದ್ದವು. ಅರವತ್ತಕ್ಕೆ ಒಂದು ಕಡಿಮೆ ವಯಸ್ಸಿನ ಮಾಸ್ತರನೊಬ್ಬ ತಲೆಯ ಮೇಲೆ ಗಂಟು ಹೊತ್ತು ಹೋಗುವುದನ್ನು ಅವು ನೋಡಿದವು.

ನಡೆಯುವಾಗ ಹೊತ್ತು ಹೋಗಲೆಂದು ನಾನು ಅಂಕಿಗಳನ್ನು ಹೇಳಿಕೊಳ್ಳುವುದು ಹಳೆಯ ರೂಢಿ. ಅಂದು ವಾರವಾರಕ್ಕೆ ಕಳೆದ ತಸುಗಳನ್ನು ಹೇಳಿಕೊಂಡೆ. ಒಂದೂವರೆ, ಅರ್ಧ, ಒಂದೂಕಾಲು, ಮುಕ್ಕಾಲು, ಒಂದೂವರೆ, ಅರ್ಧ. ಒಂದೂಕಾಲು, ಅರ್ಧ, ಒಂದೂಮುಕ್ಕಾಲು, ಅರ್ಧ, ಮುಕ್ಕಾಲು, ಒಂದೂಕಾಲು. ಆಮೇಲೆ ಒಂದು. ಒಂದು. ಒಂದು. ಒಂದು.

ಒಂದು ಹಳ್ಳದ ದಂಡೆಯಲ್ಲಿ ನಿಂತುಬಿಟ್ಟೆ.

ಹನ್ನೆರಡು ವಾರ ಒಂದು ಸಲವೂ ಸರಿಯಾಗಿ ಒಂದು ಬರಲಿಲ್ಲ. ನಾನು ಗೆರೆ ಎಳೆದ ಮೇಲೆ ನಾಲ್ಕು ಸಲವೂ ಒಂದೇ ಬಂತು. ಹುಡುಗನೊಬ್ಬ ಹೀಗೆ ಉತ್ತರ ತಂದಿದ್ದರೆ ನಾನು ಹಲಗೆಯನ್ನು ನೋಡದೆಯೇ ಹೇಳುತ್ತಿದ್ದೆ: ಇದು ಮಾಡಿದ ಲೆಕ್ಕವಲ್ಲ, ನಕಲು. ರೋಗವು ಇದ್ದಿಲ ಗೆರೆಯನ್ನು ನೋಡಿಕೊಂಡು ಇಳಿಯುವುದಿಲ್ಲ. ಹಾಗಾದರೆ ಗೆರೆಯನ್ನು ನೋಡುತ್ತಿದ್ದವರು ಯಾರು? ಅವನ ಹಿಂದೆ, ಗೋಡೆಗೆ ಎದುರಾಗಿ ನಿಂತಿದ್ದವಳು. ಆಗ ಇನ್ನೊಂದೂ ನೆನಪಾಯಿತು. ಆ ನಾಲ್ಕು ಮಂಗಳವಾರವೂ ಅವನು "ಬಂತ್ರಿ" ಎನ್ನುವ ಮೊದಲು ಅವಳ ಕೈಯ ಬಳೆ ಒಂದು ಸಲ ಸಪ್ಪಳ ಮಾಡಿತ್ತು. ನಾನು ಕೇಳಿದ್ದೆ, ಬಳೆ ಎಂದರೆ ಸಪ್ಪಳ ಮಾಡುವುದೇ ಎಂದು ಬಿಟ್ಟಿದ್ದೆ.

ನೋಟ ಹೋದದ್ದು ಪಿತ್ತ ಕೆರಳಿದ ಆ ಶನಿವಾರ. ಮೊದಲ ಬಾಯ್ಲರು ಬಂದ ಬುಧವಾರದಿಂದ ಮೂರನೆಯ ದಿನ. ಆ ಬುಧವಾರ ಅವನಿಗೆ ಆರು ತಸು ನೋಟವಿತ್ತು. ಆ ಬಾಯ್ಲರು ಕೂತಿದ್ದರೆ ಗುರುವಾರ ಬೆಂಕಿ ಹಾಕುತ್ತಿದ್ದೆವು. ಅವನು ನೋಡುತ್ತಿದ್ದ.

ಕಂಬಳಿಯ ಗಂಟನ್ನು ಮತ್ತೆ ತಲೆಯ ಮೇಲೆ ಎತ್ತಿಕೊಂಡೆ. ಅದನ್ನು ಕೆಳಗಿಟ್ಟು ಕೂತರೂ ಆಗುವುದೇನೂ ಇರಲಿಲ್ಲ. ಹೊತ್ತು ನಡೆದರೂ ಇರಲಿಲ್ಲ. ಆದರೆ ಅವನು ಅದಕ್ಕಾಗಿ ಕಾಯುತ್ತಿದ್ದ.

ಹೊತ್ತು ಇಳಿಯುವಾಗ ಕಟಕೋಳ ಮುಟ್ಟಿದೆ. ಮಡಿವಾಳೆಪ್ಪ ಕಟ್ಟೆಯ ಮೇಲೆ ಕೂತಿದ್ದವನು ನನ್ನ ಹೆಜ್ಜೆಯ ಸಪ್ಪಳಕ್ಕೇ ಎದ್ದು ನಿಂತ. "ಸ್ವಾಮಾರ ದಿನಾ ಗಾಡಿ ಹೆಂಗ ಸಿಕ್ತರಿ?" ಎಂದ.

"ಗಾಡಿಯಿಲ್ಲ."

ಅವನು ಒಳಗೆ ತಿರುಗಿ, "ಏ, ಮಾಸ್ತರ ಕಾಲಿಗೆ ನೀರು ಕೊಡು, ಬಿಸಿ ನೀರು," ಎಂದು ಕೂಗಿದ.

ಬಾಯ್ಲರನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಅಂಗೈಯಿಂದ ಸವರಿದ. ಮುಖ ಬೇರೆಡೆಗಿತ್ತು. ಐದು ವಾರ ನಾನು ಯಾಕೆ ಆ ಮುಖವನ್ನು ನೋಡಿರಲಿಲ್ಲವೋ ತಿಳಿಯದು. ಬಹುಶಃ ಗೋಡೆಯನ್ನು ನೋಡುತ್ತಿದ್ದೆ. ಚೌಕಟ್ಟಿನ ಮೇಲೆ ಅದನ್ನು ಒಂದೇ ಸಲಕ್ಕೆ ಕೂರಿಸಿದ. ಎರಕದ ಬಳೆಯೊಳಗೆ ಅದರ ಬಾಯಿ ಹೋದಾಗ ಬಂದ ಸಣ್ಣ ಸದ್ದಿಗೆ ಅವನ ಹುಬ್ಬು ಮೇಲಕ್ಕೇರಿತು.

"ಮೂರು," ಎಂದ.

"ಮೂರು ಇಂಚು," ಎಂದೆ ನಾನು.

ಮಂಗಳವಾರ ಬೆಳಿಗ್ಗೆ ಹೋದಾಗ ಹಳಿಯ ಮೇಲೆ ಎಂಜಿನ್ನು ನಿಂತಿತ್ತು. ಎರಡು ಪಕ್ಕೆಗಳಲ್ಲಿ ನೀರಿನ ಪೆಟ್ಟಿಗೆಗಳು, ನಡುವೆ ತಾಮ್ರದ ಬೆನ್ನು. ಬೆಂಕಿ ಹಾಕುವ ಮೊದಲು ಅಳತೆಯಾಗಬೇಕೆಂದು ಅವನೇ ಹೇಳಿದ. ಕಂಬಕ್ಕೆ ತಲೆ ಆನಿಸಿ ಕೂತ. ಶೆಟ್ಟೆವ್ವ ಹಿಂದೆ ಬಂದು ನಿಂತಳು.

ದಾರಿಯಲ್ಲಿ ನಾನು ಒಂದು ಪರೀಕ್ಷೆ ಗೊತ್ತುಮಾಡಿಕೊಂಡಿದ್ದೆ. ಬೆತ್ತವನ್ನು ಗೋಡೆಗೆ ಹಿಡಿದೆ, ದೂರದಲ್ಲೇ ನಿಲ್ಲಿಸಿದೆ. ಸರಿಸಲಿಲ್ಲ. ಸರಿಸದೆ ಶೆಟ್ಟೆವ್ವನ ಮುಖ ನೋಡಿದೆ.

ಅವಳು ಬೆತ್ತ ನೋಡಿದಳು. ನನ್ನನ್ನು ನೋಡಿದಳು. ಎತ್ತಲಿದ್ದ ಕೈ ಹಾಗೆಯೇ ಸೆರಗಿನ ಮೇಲೆ ನಿಂತಿತು. ಮತ್ತೆ ಅವಳು ತಲೆಯನ್ನು ಒಂದೇ ಸಲ, ಇಲ್ಲ ಎಂಬಂತೆ ಆಡಿಸಿದಳು. ಬೇಡಿಕೊಳ್ಳುತ್ತಿದ್ದಳು ಎಂದು ನನಗೆ ತಿಳಿಯಿತು. ಮಡಿವಾಳೆಪ್ಪ ಮೊಳೆಯ ಕಡೆಗೆ ಮುಖಮಾಡಿ, ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಹೊತ್ತು ಹೆಚ್ಚಾಯಿತು.

ಪರೀಕ್ಷೆ ಮುಗಿದಿತ್ತು. ಉತ್ತರ ಸಿಕ್ಕಿತ್ತು. ಸಿಕ್ಕ ಉತ್ತರವನ್ನು ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಬೆತ್ತವನ್ನು ಸರಿಸಿದೆ. ಕೊನೆಯ ಗೆರೆಯ ಮೇಲೆ ತಂದೆ. ಶೆಟ್ಟೆವ್ವನ ಕೈ ಏಳಲಿಲ್ಲ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಆಗ ನಾನೇ ಬೆತ್ತದ ತುದಿಯನ್ನು ಗೋಡೆಗೆ ಮೆಲ್ಲಗೆ ತಾಕಿಸಿದೆ.

"ಬಂತ್ರಿ," ಎಂದ ಮಡಿವಾಳೆಪ್ಪ.

ವಹಿಯಲ್ಲಿ ಬರೆದೆ: ಒಂದು ತಸು. ಮಾನದ ಹೆಸರನ್ನೂ ಬರೆದೆ.

ಆಮೇಲೆ ಇದ್ದಿಲು ಹಾಕಿ ಬೆಂಕಿ ಮಾಡಿದ. ಊದಿದ. ಕೆಂಡದ ಮುಂದೆ ಅಂಗೈ ಹಿಡಿದು ಎಷ್ಟು ಬೇಕೋ ಅಷ್ಟು ಗಾಳಿ ಬಿಟ್ಟ. ಕಾಲು ತಾಸಿಗೆ ಬಾಯ್ಲರಿನೊಳಗೆ ಗುಣುಗುಣು ಎದ್ದಿತು. ಆಮೇಲೆ ಅದು ನಿಂತು ಒಂದು ಬಿಗಿಯಾದ ಮೌನ ಬಂತು. "ಈಗ ನೋಡ್ರಿ ಅಕಿ ತಯಾರಾದ್ಲು," ಎಂದ. ಉಗಿಯ ಹಿಡಿಯನ್ನು ಉಗುರಿನಷ್ಟು ಸರಿಸಿದ. ಎಂಜಿನ್ನು ಬಿಳಿಯ ಉಗಿಯನ್ನು ಒಮ್ಮೆ ಕೆಮ್ಮಿ, ಗಾಲಿ ಜಾರಿ, ಹಿಡಿದು, ಹೊರಟಿತು.

ಅವನು ಅದರ ಜೊತೆ ಬಾಗಿ ನಡೆದ. ಒಂದು ಕೈ ಹಿಡಿಯ ಮೇಲೆ, ಒಂದು ಕೈ ಗೋಡೆಯ ಮೇಲೆ. ಗೋಡೆಯ ಮೇಲಿನ ಕೈ ಹದಿನೆಂಟು ಫೂಟನ್ನು ಎಣಿಸುತ್ತಿತ್ತು. ಕೊನೆಗೆ ಒಂದು ಗೇಣು ಇರುವಾಗ ನಿಲ್ಲಿಸಿ ಹಿಂದಕ್ಕೆ ಬಿಟ್ಟ. ನಾಲ್ಕು ಸಲ ಹೋಗಿ ಬಂದ. "ಎಡಗಡಿ ಸಿಲಿಂಡರ್ ಒಂದ ಎಳಿ ತಡಾ ಹೊಡ್ಯಾಕ ಹತ್ತೇತ್ರಿ," ಎಂದ. "ಘಟ್ಟದಾಗ ಅಕೀನೂ ಹಂಗ ಇದ್ಲು." ಎರಡೂ ಕೆನ್ನೆ ತೊಯ್ದಿದ್ದವು, ಉಗಿಯೆಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

"ನೋಡಿದೆಯಾ?" ಎಂದೆ. ಕೇಳಬಾರದಿತ್ತು. ಆದರೆ ಕೇಳದಿದ್ದರೆ ನನಗೆ ಗೊತ್ತಿದೆಯೆಂದು ಅವನಿಗೆ ತಿಳಿಯುತ್ತಿತ್ತು.

"ನೋಡಿದ್ನಿರಿ ಮಾಸ್ತರ. ಕಣ್ಣು ತುಂಬ ನೋಡಿದ್ನಿ."

ನಾನು ಹೊರಡುವಾಗ ಶೆಟ್ಟೆವ್ವ ಅಂಗಳದ ತನಕ ಬಂದಳು. ಯಾರಿಗೂ ಕೇಳದಂತೆ ಹೇಳಿದಳು: "ಆ ಶನಿವಾರ ನಸಿಕಿನ್ಯಾಗ ಹೋತರಿ, ಪೂರಾ. ನನ್ನ ಕೈ ಹಿಡ್ಕೊಂಡು ಹೇಳಿದ್ರು: ಮಾಸ್ತರಗ ತಿಳೀಬಾರದು, ತಿಳದ್ರ ಕೆಲಸಾ ನಿಂತ್ಹೋಕ್ಕೇತಿ. ಬಾಯ್ಲರಿನ ತಪ್ಪನ್ನ ಎದಿ ಮ್ಯಾಲ ಹೊತ್ಕೊಂಡು ಆ ಮನಷ್ಯಾ ಸಾಯತಾನ, ಅಂತ. ನಾ ಏನ ಮಾಡಲೆಪಾ ಯಣ್ಣಾ?"

"ನೀನು ಮಾಡಿದ್ದು ಸರಿ," ಎಂದೆ. ಸರಿ ಎಂಬ ಮಾತನ್ನು ಅಷ್ಟು ಅಳುಕಿನಿಂದ ನಾನು ಯಾವ ಹಲಗೆಯ ಮೇಲೂ ಬರೆದದ್ದಿಲ್ಲ.

ಮುಂದಿನ ಮಂಗಳವಾರ ಲೆಕ್ಕದ ಪ್ರಕಾರ ಸೊನ್ನೆ. ಹೋಗಬಾರದೆಂದುಕೊಂಡೆ, ಕಾಲು ಕೇಳಲಿಲ್ಲ. ಮಡಿವಾಳೆಪ್ಪ ಕಂಬಕ್ಕೆ ಆನಿಸಿ ಕೂತಿದ್ದ. ಮಡಿಲಲ್ಲಿ ಎಂಜಿನ್ನು, ಕೈಯಲ್ಲಿ ಎಣ್ಣೆಯ ಬಟ್ಟೆ. ನನ್ನ ಹೆಜ್ಜೆ ಕೇಳಿ ಮುಖವನ್ನು ನನ್ನೆಡೆಗೆ ತಿರುಗಿಸಿದ. ಐದು ವಾರಗಳಲ್ಲಿ ಮೊದಲ ಸಲ, ನೋಡುವವನಂತೆ ನಟಿಸದೆ ತಿರುಗಿಸಿದ.

"ಬೆತ್ತಾ ತರಬ್ಯಾಡ್ರಿ ಮಾಸ್ತರ," ಎಂದ. "ಇವತ್ತ ಮುಂಜಾನಿ ಎದ್ದೆ, ಎಲ್ಲಾ ಕತ್ತಲಿ. ಪೂರಾ ಹೋತು. ನೀವು ಹೇಳಿದ ದಿನಾನ ಹೋತು ನೋಡ್ರಿ. ಹದಿನೆಂಟು ವಾರ, ಒಂದ ದಿನಾ ಆಚಿ ಇಲ್ಲ, ಈಚಿ ಇಲ್ಲ. ನಿಮ್ಮ ಲೆಕ್ಕ ತಪ್ಪಲಿಲ್ಲರಿ."

ನಾನು ವಹಿ ತೆರೆದು ಸೊನ್ನೆ ಬರೆದೆ. ಅವನು ಲೇಖನಿಯ ಸದ್ದು ನಿಲ್ಲುವ ತನಕ ಕೇಳಿಸಿಕೊಂಡ. ಆಮೇಲೆ ಎಡಗಡೆಯ ಸಿಲಿಂಡರಿನ ಎರಡು ಸ್ಕ್ರೂಗಳನ್ನು ಸಡಿಲಿಸಬೇಕು, ನಕಾಶೆಯಲ್ಲಿ ಅಲ್ಲಿ ಎಷ್ಟು ಸಂದು ಬರೆದಿದೆ ಎಂದು ಕೇಳಿದ. ಕರಾರಿನ ಪ್ರಕಾರ ಕೆಲಸ ನಿಲ್ಲಬೇಕಾದ ದಿನ ಅದು. ನಾನು ನಕಾಶೆ ಬಿಡಿಸಿದೆ.